ಐದನೇ ಟೇಬಲಿನ ಕೇಸು

ಡಾಕ್ಟರ್ ಧನಲಕ್ಷ್ಮಿ ಅರ್ಧ ಲೋಟ ಕಾಫಿ ಕುಡಿಯಲು ಶುರುಮಾಡಿ ಎರಡು ವರ್ಷವಾಗಿತ್ತು. ಮನೆಯಲ್ಲಿ ಯಾರೂ ಅದನ್ನು ದೊಡ್ಡ ವಿಷಯ ಮಾಡಲಿಲ್ಲ. ಐವತ್ತು ದಾಟಿದ ಮೇಲೆ ನಿದ್ದೆ ಕಡಿಮೆಯಾಗುತ್ತದೆ, ಅದಕ್ಕೇ ಕಾಫಿ ತಗ್ಗಿಸಿದ್ದಾಳೆ ಎಂದುಕೊಂಡಿದ್ದ ಗಂಡ ಶ್ರೀನಾಥ್. ತಾಯಿ ಪಟಾಲಮ್ಮ ಮಾತ್ರ ದಿನಾ ಬೆಳಿಗ್ಗೆ ಲೋಟ ಕೈಗಿಡುವಾಗ, "ಇಷ್ಟೇ ಇಷ್ಟಾ? ಕೋಳಿಮರಿಗೆ ನೀರಿಟ್ಟಂಗೈತೆ" ಎಂದು ಗೊಣಗುತ್ತಿದ್ದಳು. ತುಂಬಿದ ಲೋಟವಾದರೆ ತುಟಿಗೆ ತಲುಪುವುದರೊಳಗೆ ಸೀರೆಯ ಮೇಲೆ ಚೆಲ್ಲುತ್ತದೆ ಎಂಬುದು ಧನಲಕ್ಷ್ಮಿ ಒಬ್ಬಳಿಗೇ ಗೊತ್ತಿತ್ತು.

ಜೋಗುಪಾಳ್ಯದ ಒಂದು ಇಕ್ಕಟ್ಟಾದ ಬೀದಿಯಲ್ಲಿ, ಟೈಲರ್ ಅಂಗಡಿಗೂ ಹಿಟ್ಟಿನ ಗಿರಣಿಗೂ ನಡುವೆ ಅವಳ ಕ್ಲಿನಿಕ್ಕು. ಗಿರಣಿ ಓಡುವಾಗ ರೋಗಿಯ ಎದೆಬಡಿತ ಕೇಳಿಸುವುದಿಲ್ಲ. ಅದು ನಿಲ್ಲುವ ತನಕ ಸ್ಟೆತಾಸ್ಕೋಪು ಹಿಡಿದು ಕಾಯಬೇಕು. ಕಾಯುವ ಹೊತ್ತಿನಲ್ಲಿ ರೋಗಿಗಳು ಕಾಯಿಲೆ ಬಿಟ್ಟು ಉಳಿದದ್ದೆಲ್ಲ ಹೇಳುತ್ತಾರೆ. ಹಾಗೆ ಇಡೀ ಬೀದಿಯ ಸಂಸಾರ ಅವಳಿಗೆ ಬಾಯಿಪಾಠವಾಗಿತ್ತು. ಅವಳ ಕೈಯಲ್ಲಿ ಲಸಿಕೆ ಹಾಕಿಸಿಕೊಂಡ ಹುಡುಗಿಯರು ಈಗ ತಮ್ಮ ಕೂಸುಗಳನ್ನು ಎತ್ತಿಕೊಂಡು ಬರುತ್ತಿದ್ದರು. "ಧನಲಕ್ಷ್ಮಿ ಡಾಕ್ಟ್ರ ಸೂಜಿ ನೋಯಲ್ಲ" ಎನ್ನುವುದು ಆ ಬೀದಿಯ ಮಾತು.

ಆ ಸೂಜಿಯನ್ನು ಈಗ ನರ್ಸ್ ನೂರುನ್ನೀಸಾ ಹಾಕುತ್ತಿದ್ದಳು.

"ಮೇಡಂ, ಈ ಪಾಪೂಗೆ ನೀವೇ ಹಾಕ್ಬೇಕಂತೆ. ಇವರಮ್ಮಂಗೂ ನೀವೇ ಹಾಕಿದ್ದಂತೆ" ಎಂದು ಅವಳು ಆಗಾಗ ಹೇಳುವುದಿತ್ತು.

"ನೀನೇ ಹಾಕಮ್ಮ. ನನ್ನ ಕನ್ನಡಕ ಸರಿಯಿಲ್ಲ."

ಕನ್ನಡಕ ಸರಿಯಾಗಿಯೇ ಇತ್ತು. ಸರಿಯಿಲ್ಲದ್ದು ಬಲಗೈ. ಸಿರಿಂಜು ಹಿಡಿದರೆ ಸೂಜಿಯ ತುದಿ ಗಾಳಿಗೆ ಸಿಕ್ಕ ಹುಲ್ಲಿನಂತೆ ಅಲುಗುತ್ತಿತ್ತು. ಎಡಗೈಯೂ ಹಾಗೇ, ಸ್ವಲ್ಪ ಕಡಿಮೆ.

ಬೇರೆಯವರಾಗಿದ್ದರೆ ಯಾರಾದರೂ ಡಾಕ್ಟರಿಗೆ ತೋರಿಸುತ್ತಿದ್ದರು. ಧನಲಕ್ಷ್ಮಿ ತಾನೇ ಡಾಕ್ಟರು, ಆದ್ದರಿಂದ ತೋರಿಸಲಿಲ್ಲ. ಕೈ ನಡುಕ ಒಂದು. ಕೋವಿಡ್ ಬಂದು ಹೋದಾಗಿನಿಂದ ಮೂಗಿಗೆ ವಾಸನೆ ಹತ್ತುತ್ತಿಲ್ಲ, ಅದು ಎರಡು. ಹೋದ ವರ್ಷ ಬಲಭುಜ ಹಿಡಿದುಕೊಂಡು ಜಡೆ ಹಾಕಿಕೊಳ್ಳಲು ಆಗದೆ ಒದ್ದಾಡಿದ್ದು ಮೂರು. ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಓದಿದ ವಿದ್ಯೆಯೆಲ್ಲ ಒಂದೇ ಹೆಸರು ಹೇಳಿತು: ಪಾರ್ಕಿನ್‌ಸನ್. ಕೈ ನಡುಗಿಸಿ, ನಡಿಗೆ ಎಳೆದು, ಕೊನೆಗೆ ಮುಖದ ಮೇಲಿನ ನಗುವನ್ನೂ ಹೆಪ್ಪುಗಟ್ಟಿಸುವ ಕಾಯಿಲೆ. "ಫೋನಲ್ಲಿ ಓದ್ಕೊಂಡು ಬಂದು ನನಗೆ ಕಾಯಿಲೆ ಹೆಸರು ಹೇಳ್ಬೇಡಿ" ಎಂದು ರೋಗಿಗಳನ್ನು ಗದರುವವಳು, ದಿನಾ ಬೆಳಿಗ್ಗೆ ಬಚ್ಚಲ ಕನ್ನಡಿಯ ಮುಂದೆ ನಿಂತು ನಕ್ಕು ನೋಡುತ್ತಿದ್ದಳು, ನಗು ಎಷ್ಟು ಉಳಿದಿದೆ ಎಂದು. ಆ ಕಾಯಿಲೆ ತೋಳಿನ ಬೀಸನ್ನೂ ಕಸಿಯುತ್ತದೆಂದು, ಹಲಸೂರು ಕೆರೆಯ ಸುತ್ತ ನಡೆಯುವಾಗ ತೋಳುಗಳನ್ನು ಬೇಕೆಂದೇ ಬೀಸುತ್ತಿದ್ದಳು. ಎದುರಿಗೆ ಬರುವವರು ಪೊಲೀಸ್ ಪರೇಡು ಎಂದು ದಾರಿ ಬಿಡುತ್ತಿದ್ದರು.

ಕ್ಲಿನಿಕ್ಕನ್ನು ಮುಚ್ಚಬೇಕೆಂದು ಅವಳು ತೀರ್ಮಾನಿಸಿದ್ದಳು. ರಕ್ತಪರೀಕ್ಷೆಯ ಲ್ಯಾಬಿನವರೊಬ್ಬರು ಆ ಜಾಗ ಕೇಳಿದ್ದರು. ಸೋಮವಾರ ಹೇಳುತ್ತೇನೆ ಎಂದಿದ್ದಳು. "ಸಾಕು ಬಿಡು, ಸುಸ್ತಾಗಿದ್ದೀಯ" ಎಂದು ಶ್ರೀನಾಥ್ ಕೂಡ ಒಪ್ಪಿದ್ದ. ಸುಸ್ತಲ್ಲದ ಕಾರಣವೊಂದಿದೆ ಎಂದು ಅವನಿಗೂ ಹೇಳಿರಲಿಲ್ಲ. ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬಂತೆ ಇದ್ದಳು.

ಅಷ್ಟರಲ್ಲಿ ಜಹನಾರಾ ಫೋನು ಮಾಡಿದಳು. ಮೆಡಿಕಲ್ ಕಾಲೇಜಿನ ಗೆಳತಿ, ಈಗ ನರರೋಗ ತಜ್ಞೆ. ಎರಡು ವರ್ಷದಿಂದ ಧನಲಕ್ಷ್ಮಿ ಅವಳನ್ನು ತಪ್ಪಿಸಿಕೊಂಡು ಓಡಾಡುತ್ತಿದ್ದುದು ಆ ಕಾರಣಕ್ಕೇ. ಜಹನಾರಾಳ ಕಣ್ಣಿಗೆ ಬಿದ್ದರೆ ಮುಗಿಯಿತು, ಒಂದು ಲೋಟ ನೀರು ಎತ್ತುವುದರೊಳಗೆ ಹಿಡಿದುಬಿಡುತ್ತಾಳೆ.

"ಏಯ್ ಧನು, ಭಾನುವಾರ ನಮ್ಮ ಬ್ಯಾಚಿನ ಮೀಟಿಂಗು. ಇಂದಿರಾನಗರ, ನಿನ್ನ ಮನೆಯಿಂದ ಕೂಗಳತೆ ದೂರ. ಈ ಸಲಾನೂ ಬರ್ಲಿಲ್ಲಾಂದ್ರೆ ನಾನೇ ನಿನ್ ಕ್ಲಿನಿಕ್ಕಿಗೆ ಬಂದು ಪೇಶಂಟ್ ಥರ ಕೂತ್ಕೊಳ್ತೀನಿ, ನೋಡ್ತಿರು."

"ಬರ್ತೀನಿ ಕಣೇ."

"ಅರೆ! ಇಷ್ಟು ಸುಲಭಕ್ಕೆ ಒಪ್ಕೊಂಡ್ಬಿಟ್ಯಾ? ಹುಷಾರಾಗಿದ್ದೀಯ ತಾನೇ?"

ಕ್ಲಿನಿಕ್ ಮುಚ್ಚುವ ಸುದ್ದಿ ಬೇರೆಯವರ ಬಾಯಿಂದ ಹೋಗುವುದಕ್ಕಿಂತ ತಾನೇ ನಿಂತು ಹೇಳುವುದು ಮರ್ಯಾದೆ ಎಂದು ಧನಲಕ್ಷ್ಮಿಗೆ ಅನ್ನಿಸಿತ್ತು.

ಈ ಬ್ಯಾಚಿಗೆ ಒಂದು ಪದ್ಧತಿ ಉಂಟು. ವರ್ಷಕ್ಕೊಮ್ಮೆ ಹೋಟೆಲಿನ ಹಾಲಿನಲ್ಲಿ ತಿಂಡಿಗೆ ಸೇರಿದಾಗ ಯಾರೂ ಮನಸ್ಸಿಗೆ ಬಂದಲ್ಲಿ ಕೂರುವುದಿಲ್ಲ. ಮೊದಲ ವರ್ಷ ಅನಾಟಮಿ ಹಾಲಿನಲ್ಲಿ ಹೆಣ ಕೊಯ್ಯಲು ಯಾರು ಯಾರು ಯಾವ ಟೇಬಲಿನ ಸುತ್ತ ನಿಂತಿದ್ದರೋ, ಇಲ್ಲಿಯೂ ಹಾಗೇ. ಐದನೇ ಟೇಬಲಿಗೆ ಆರು ಜನ. ಒಬ್ಬ ಮಸ್ಕತ್ತಿನಲ್ಲಿದ್ದಾನೆ. ಒಬ್ಬಳು ಕೋವಿಡ್ಡಿನ ಎರಡನೇ ಅಲೆಯಲ್ಲಿ, ವಾರ್ಡಿನ ಕೆಲಸ ಮಾಡುತ್ತಲೇ ತೀರಿಹೋದಳು. ಅವಳ ಕುರ್ಚಿಯ ಮುಂದೂ ತಟ್ಟೆ ಇಡುತ್ತಾರೆ, ಅದರಲ್ಲಿಯ ವಡೆಯನ್ನು ಕೊನೆಗೆ ನಾಲ್ವರೂ ಮುರಿದುಕೊಂಡು ತಿನ್ನುತ್ತಾರೆ. ಉಳಿದ ನಾಲ್ವರೆಂದರೆ ಧನಲಕ್ಷ್ಮಿ, ಜಹನಾರಾ, ಮೂಳೆ ಡಾಕ್ಟರು ಪಂಚಾಕ್ಷರಿ ಮತ್ತು ಸುಗತ.

ತಿಂಡಿಯಾದ ಮೇಲೆ ಪ್ರತಿಯೊಬ್ಬರೂ ಎದ್ದು ಆ ವರ್ಷದ ತಮ್ಮ ಬದುಕನ್ನು ಹೇಳಬೇಕು. ಸುಮ್ಮನೆ ಹೇಳುವಂತಿಲ್ಲ, ಹಿಂದೆ ವಾರ್ಡಿನಲ್ಲಿ ಪ್ರೊಫೆಸರರ ಮುಂದೆ ರೋಗಿಯ ಕೇಸು ಹೇಳುತ್ತಿದ್ದ ಕ್ರಮದಲ್ಲೇ ಹೇಳಬೇಕು. ಹೆಸರು, ವಯಸ್ಸು, ಊರು, ಮುಖ್ಯ ದೂರು, ಹಿಂದಿನ ಕಾಯಿಲೆ, ಮನೆತನದ ಚರಿತ್ರೆ. ಒಂದೂ ಬಿಡುವಂತಿಲ್ಲ. ರೋಗ ಯಾವುದೆಂದು ಹೇಳುವ ಹಕ್ಕು ಮಾತ್ರ ನಿಂತವರಿಗಿಲ್ಲ. ಅದನ್ನು ಟೇಬಲು ಹೇಳಬೇಕು. ಎಲ್ಲರೂ ಒಪ್ಪಿದರೆ ಟೇಬಲನ್ನು ಗುದ್ದಬೇಕು.

ಮೊದಲು ಸುಗತ ಎದ್ದ. ಅವನು ಎಂಬಿಬಿಎಸ್ ಮುಗಿಸಿ, ಮುಂದಕ್ಕೆ ಸೀಟು ಸಿಗದೆ, ಇನ್ಶೂರೆನ್ಸ್ ಕಂಪನಿ ಸೇರಿ ಬೇರೆ ಡಾಕ್ಟರುಗಳ ಬಿಲ್ಲು ಪರೀಕ್ಷಿಸುವವನಾಗಿದ್ದ.

"ಐವತ್ಮೂರು ವರ್ಷದ ಗಂಡಸು. ಮುಖ್ಯ ದೂರು ಏನಂದ್ರೆ, ಯಾರೂ ಮದುವೆಗೆ ಕರೆಯಲ್ಲ. ಕರೆದ್ರೂ ಊಟದ ಎಲೆ ಮುಂದೆ ಕೂರಿಸ್ಕೊಂಡು ಕ್ಲೇಮ್ ಏನಾಯ್ತು ಅಂತಾರೆ."

"ರಿಜೆಕ್ಟೆಡ್!" ಎಂದು ಟೇಬಲ್ ಗುದ್ದಿದಳು ಜಹನಾರಾ.

ಪಂಚಾಕ್ಷರಿ ಬಾಗಲಕೋಟೆ ಕಡೆಯವನು, ಕೆ.ಆರ್. ಪುರದ ಆಸ್ಪತ್ರೆಯೊಂದರಲ್ಲಿ ಕೆಲಸ. ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕಿನಲ್ಲಿ ನಿಂತು ನಿಂತು ತನ್ನದೇ ಸೊಂಟ ಹಿಡಿದಿದೆ ಎಂದ. "ಅದು ಬಿಡ್ರಿ. ನನ್ನ ಹೆಂಡತಿ ಮೊಣಕಾಲ ಆಪರೇಶನ್ ಆತು. ಮಾಡಿದಾಂವ ನಾ ಅಲ್ಲ. ನಿಮ್ಮ ಕೈಯಾಗ ನಾ ಸಿಗಂಗಿಲ್ಲ ಅಂದ್ಲು! ಮೂರು ತಿಂಗಳ ನಾನೇ ರೊಟ್ಟಿ ಬಡದೀನಿ. ಒಂದೂ ದುಂಡಗ ಬರ್ಲಿಲ್ಲ, ಎಲ್ಲಾ ಬಿರುಕು."

"ಪ್ಲಾಸ್ಟರ್ ಹಾಕ್ಬೇಕಿತ್ತು" ಎಂದ ಸುಗತ.

ಜಹನಾರಾಳದು ಸಂತೋಷದ ಕೇಸು. ವಿಭಾಗದ ಮುಖ್ಯಸ್ಥೆಯಾಗಿದ್ದಳು. ಅದಕ್ಕಿಂತ ದೊಡ್ಡ ಸುದ್ದಿ, ಈ ವಯಸ್ಸಿನಲ್ಲಿ ಸ್ಕೂಟರು ಕಲಿತಿದ್ದಳು. "ಶಿವಾಜಿನಗರದಲ್ಲಿ ಮನೆ ಇಟ್ಕೊಂಡು ಕಾರು ಇಟ್ಕೊಂಡ್ರೆ ಏನುಪಯೋಗ ಹೇಳಿ. ಈಗ ರಸೆಲ್ ಮಾರುಕಟ್ಟೆ ಮುಂದೆ ಹಾರ್ನ್ ಹೊಡ್ಕೊಂಡು ಹೋಗ್ತಿದ್ರೆ ಹೂವಿನವರೆಲ್ಲ ದಾರಿ ಬಿಡ್ತಾರೆ. ಗೌರವಕ್ಕಲ್ಲ, ಜೀವಭಯಕ್ಕೆ."

ನಗು ಇನ್ನೂ ಮುಗಿದಿರಲಿಲ್ಲ, ಧನಲಕ್ಷ್ಮಿ ಎದ್ದಳು. ಕೈಗಳನ್ನು ಸೆರಗಿನೊಳಗೆ ಕಟ್ಟಿಕೊಂಡಿದ್ದಳು. ಅಷ್ಟು ಹೊತ್ತೂ ಅವಳು ಇಡ್ಲಿಯನ್ನು ಚಮಚದಲ್ಲಿ ತಿನ್ನದೆ ಕೈಯಲ್ಲಿ ತಿಂದದ್ದನ್ನೂ, ನೀರಿನ ಲೋಟ ಮುಟ್ಟದೇ ಇದ್ದುದನ್ನೂ ಯಾರೂ ಗಮನಿಸಿದಂತಿರಲಿಲ್ಲ.

"ನಾನು ಕ್ಲಿನಿಕ್ ಮುಚ್ತಾ ಇದ್ದೀನಿ" ಎಂದಳು.

ಆ ವರ್ಷ ಪರೀಕ್ಷಕನ ಸರದಿ ಪಂಚಾಕ್ಷರಿಯದು. "ಏ ಧನು, ಕೇಸ್ ಹೇಳೂ ಕ್ರಮಾನೇ ಮರ್ತಿಯೇನ? ಮೊದಲ ವಯಸ್ಸ ಹೇಳು. ದೂರು ಹೇಳು."

ಕ್ರಮ ಅವಳ ನೆರವಿಗೆ ಬಂತು. ಯಾರದೋ ಕೇಸು ಹೇಳುವಂತೆ ಹೇಳಿದರಾಯಿತು.

"ಐವತ್ತೆರಡು ವರ್ಷದ ಹೆಂಗಸು, ಜೋಗುಪಾಳ್ಯ. ಎರಡು ವರ್ಷದಿಂದ ಕೈ ನಡುಕ. ಕೋವಿಡ್ ಆದ ಮೇಲೆ ವಾಸನೆ ಇಲ್ಲ. ಬಲಭುಜ ಬಿಗಿ."

ಟೇಬಲಿನ ಮೇಲಿನ ನಗು ಆರಿತು. ಅವಳು ಏನು ಹೇಳುತ್ತಿದ್ದಾಳೆ ಎಂಬುದು ಮೂವರಿಗೂ ಒಂದೇ ಕ್ಷಣದಲ್ಲಿ ಗೊತ್ತಾಯಿತು. ಸುಗತ ಜಹನಾರಾಳ ಮುಖ ನೋಡಿದ. ಜಹನಾರಾ ಧನಲಕ್ಷ್ಮಿಯ ಸೆರಗನ್ನು ನೋಡುತ್ತಿದ್ದಳು.

"ರೋಗ ಯಾವುದು ಅಂತ..."

"ಅದನ್ನ ನೀ ಹೇಳಂಗಿಲ್ಲ" ಎಂದ ಪಂಚಾಕ್ಷರಿ, ಮೆತ್ತಗೆ. "ಮನೆತನದ ಚರಿತ್ರೆ ಬಿಟ್ಟಿ. ಹೇಳು."

"ಏನೂ ಇಲ್ಲ."

"ಅಪ್ಪ?"

"ನಮ್ಮಪ್ಪ ಕುಡೀತಿದ್ರು. ಅದು ಬಿಟ್ರೆ ಏನಿಲ್ಲ."

ಧನಲಕ್ಷ್ಮಿ ತನ್ನ ಕಾಯಿಲೆಯನ್ನು ಎಷ್ಟು ಸಲ ಲೆಕ್ಕ ಹಾಕಿದರೂ ಬಿಟ್ಟುಬಿಡುತ್ತಿದ್ದ ಅಧ್ಯಾಯ ಅದು. ಅವಳ ತಂದೆ ಮುನಿವೆಂಕಟಪ್ಪ ಕೆ.ಆರ್. ಪುರದ ಆಚೆಯ ಹಳ್ಳಿಯಲ್ಲಿ ಸುಗಂಧರಾಜ, ಗುಲಾಬಿ ಬೆಳೆದು ಬೆಳಕು ಹರಿಯುವ ಮುಂಚೆ ರಸೆಲ್ ಮಾರುಕಟ್ಟೆಗೆ ತರುತ್ತಿದ್ದ. ತಕ್ಕಡಿ ಹಿಡಿದರೆ ತಟ್ಟೆಗಳೆರಡೂ ಕುಣಿಯುತ್ತಿದ್ದವು. "ಬೆಳಿಗ್ಗೇನೇ ಹಾಕ್ಕೊಂಡ್ ಬಂದವ್ನೆ" ಎಂದು ಹೂವಿನವರು ನಗುತ್ತಿದ್ದರು. ಮಗಳು ಡಾಕ್ಟರಾದ ದಿನ ಕಾಲೇಜಿಗೆ ಬಂದವನು ಪ್ರೊಫೆಸರರ ಎದುರಿಗೇ ಬಿಳಿ ಪಂಚೆಯ ಮೇಲೆ ಕಾಫಿ ಚೆಲ್ಲಿಕೊಂಡಿದ್ದ. ಅವಳು ಬೇರೆ ಕಡೆ ನೋಡಿದ್ದಳು.

ಜಹನಾರಾ ಕುರ್ಚಿಯನ್ನು ಮುಂದಕ್ಕೆಳೆದಳು. ಈಗ ಅವಳ ದನಿ ಬೇರೆಯಾಗಿತ್ತು. "ನಿಮ್ಮಪ್ಪನ ಕೈ ನಡುಗ್ತಿತ್ತಾ?"

"ಹ್ಞೂಂ. ಕುಡುಕರ ಕೈ ನಡುಗಲ್ವೇನೇ?"

"ಯಾವಾಗ ನಡುಗ್ತಿತ್ತು?"

"ಬೆಳಿಗ್ಗೆ, ಮಧ್ಯಾಹ್ನ. ಏನಾದ್ರೂ ಹಿಡ್ಕೊಂಡಾಗ. ಸಂಜೆ ಕುಡಿದ ಮೇಲೆ ನಿಂತ್ಬಿಡ್ತಿತ್ತು. ಆಮೇಲೆ ಕೂತು ನೀಟಾಗಿ ಹೂ ಕಟ್ಟೋರು."

"ಎಷ್ಟು ಕುಡೀತಿದ್ರು?"

ಧನಲಕ್ಷ್ಮಿ ಯೋಚಿಸಿದಳು. ಯಾರೂ ಅವಳನ್ನು ಈ ಪ್ರಶ್ನೆ ಕೇಳಿರಲಿಲ್ಲ. "ಒಂದು ಗ್ಲಾಸು."

"ಒಂದೇ?"

"ಒಂದೇ. ಅದೂ ಹೂ ಕಟ್ಟೋ ಕೆಲಸ ಇದ್ದ ದಿನ. ಯಾವತ್ತೂ ತೂರಾಡಿದ್ದಿಲ್ಲ, ಯಾರನ್ನೂ ಬೈದಿದ್ದಿಲ್ಲ..." ಹೇಳುತ್ತ ಹೇಳುತ್ತ ಅವಳ ಮಾತು ನಿಧಾನವಾಯಿತು.

"ಯಾ ಅಲ್ಲಾ" ಎಂದಳು ಜಹನಾರಾ, ಮೆಲ್ಲಗೆ.

ಆಗ ಸುಗತ ಕೆಮ್ಮಿದ. "ಒಂದು ಮಾತು ಹೇಳ್ಬೇಕು. ಹೇಳ್ಬಾರ್ದು ಅಂತ ಆವತ್ತೇ ಮಾತಾಡ್ಕೊಂಡಿದ್ವಿ. ಧನು, ಡಿಸೆಕ್ಷನ್ ಮಾಡುವಾಗ ನಿನ್ನ ಕೆಲಸ ಏನಿತ್ತು?"

"ಪುಸ್ತಕ ಓದೋದು. ನೀವು ಕೊಯ್ತಿದ್ರಿ, ನಾನು ಗಟ್ಟಿಯಾಗಿ ಓದ್ತಿದ್ದೆ. ನನ್ನ ದನಿ ಚೆನ್ನಾಗಿದೆ ಅಂತ ನೀನೇ ಅಲ್ವಾ ಆ ಕೆಲಸ ಕೊಟ್ಟಿದ್ದು?"

"ದನಿಯೇನೂ ಅಂಥಾ ಚೆನ್ನಾಗಿರ್ಲಿಲ್ಲ ಕಣೇ" ಎಂದ ಸುಗತ, ತಲೆ ಕೆರೆದುಕೊಳ್ಳುತ್ತ. "ನೀನು ಬ್ಲೇಡು ಹಿಡಿದ್ರೆ ಕೈ ಅದುರ್ತಿತ್ತು. ಮೊದಲನೇ ವಾರಾನೇ ಒಂದು ನರ ಕತ್ತರಿಸ್ಬಿಟ್ಟೆ, ನೆನಪಿಲ್ವಾ? ಹೇಳಿದ್ರೆ ಬೇಜಾರ್ ಮಾಡ್ಕೋತೀಯ ಅಂತ ಎಲ್ರೂ ಸೇರಿ ಪುಸ್ತಕ ಕೊಟ್ವಿ."

"ಹೌದ ಹೌದ" ಎಂದ ಪಂಚಾಕ್ಷರಿ. "ನಾ ಅಂತೂ ಮೊದಲ ಸಲ ಹೆಣ ನೋಡಿ ಹೆದರ್‍ಯಾಳ ಅಂದ್ಕೊಂಡಿದ್ದೆ. ಆಮ್ಯಾಲ ನೋಡಿದ್ರ, ಚಹಾ ಕಪ್ಪು ಹಿಡಿದ್ರೂ ಹಂಗ."

"ಮೂವತ್ತು ವರ್ಷದಿಂದ ನನ್ನ ದನಿ ಚೆನ್ನಾಗಿದೆ ಅಂದ್ಕೊಂಡಿದ್ದೀನಲ್ರೋ!" ಎಂದಳು ಧನಲಕ್ಷ್ಮಿ.

ಜಹನಾರಾ ಯಾರ ಮಾತಿಗೂ ಕಿವಿಗೊಡಲಿಲ್ಲ. "ಕೂತ್ಕೋ. ಕೈ ತೊಡೆ ಮೇಲಿಡು. ಪೂರ್ತಿ ಸಡಿಲ ಬಿಡು. ನೂರರಿಂದ ಏಳೇಳು ಕಳೀತಾ ಬಾ."

"ತೊಂಬತ್ಮೂರು, ಎಂಬತ್ತಾರು..." ಧನಲಕ್ಷ್ಮಿಗೆ ಈ ಪರೀಕ್ಷೆ ಗೊತ್ತಿತ್ತು, ಹೆದರಿ ತನ್ನ ಮೇಲೆ ಮಾಡಿಕೊಂಡಿರಲಿಲ್ಲ ಅಷ್ಟೆ. ಮನಸ್ಸು ಲೆಕ್ಕದಲ್ಲಿ ಮುಳುಗಿದಾಗ, ಸುಮ್ಮನೆ ಮಲಗಿದ ಕೈ ನಡುಗಿದರೆ ಅದು ಆ ಕಾಯಿಲೆ. ಅವಳು ಕಣ್ಣು ಮುಚ್ಚಿಕೊಂಡಳು. "ಎಪ್ಪತ್ತೊಂಬತ್ತು, ಎಪ್ಪತ್ತೆರಡು, ಅರವತ್ತೈದು..." ಹಾಲಿನ ಬೇರೆ ಟೇಬಲುಗಳ ಗದ್ದಲ ಎಲ್ಲೋ ದೂರದಲ್ಲಿ ಕೇಳುತ್ತಿತ್ತು. ಕಣ್ಣು ತೆರೆಯಲು ಧೈರ್ಯ ಸಾಲಲಿಲ್ಲ.

"ಕಣ್ಬಿಡು. ಕೈ ನೋಡ್ಕೋ."

ಎರಡು ಕೈಗಳೂ ತೊಡೆಯ ಮೇಲೆ ನಿದ್ದೆ ಹೋದ ಬೆಕ್ಕಿನಮರಿಗಳಂತೆ ಮಲಗಿದ್ದವು.

"ಈಗ ಮುಂದಕ್ಕೆ ಚಾಚು." ಚಾಚಿದೊಡನೆ ನಡುಕ ಬಂತು. ಜಹನಾರಾ ಬೆರಳುಗಳ ಮೇಲೆ ಒಂದು ಕಾಗದದ ನ್ಯಾಪ್ಕಿನ್ ಇಟ್ಟಳು. ಅದು ಪಟಪಟನೆ ಅದುರಿತು. ಇನ್ನೊಂದು ನ್ಯಾಪ್ಕಿನ್ ಮೇಲೆ ಚಕ್ಕುಲಿಯಂತೆ ಸುತ್ತು ಬರೆಸಿದಳು. ಗೆರೆಯೆಲ್ಲ ಅಲೆಯಲೆ, ಆದರೆ ಸುತ್ತು ದೊಡ್ಡದಾಗಿಯೇ ಬಂತು, ಆ ಕಾಯಿಲೆಯಲ್ಲಿ ಆಗುವಂತೆ ಕುಗ್ಗಲಿಲ್ಲ. ಹೆಬ್ಬೆರಳಿಗೆ ತೋರುಬೆರಳನ್ನು ಬೇಗ ಬೇಗ ಬಡಿಸಿದಳು. ಹಾಲಿನ ಆ ತುದಿಯವರೆಗೆ ನಡೆಸಿದಳು. ಮಣಿಕಟ್ಟು ಹಿಡಿದು ತಿರುಗಿಸಿ ನೋಡಿದಳು. ಎಲ್ಲೂ ತಡೆಯಿಲ್ಲದೆ ಎಣ್ಣೆ ಹಾಕಿದ ಬಾಗಿಲಿನಂತೆ ತಿರುಗಿತು. ಕೊನೆಗೆ ಭುಜ ಎತ್ತಿಸಿ, "ಶುಗರ್ ಸ್ವಲ್ಪ ಜಾಸ್ತಿ ಇದೆ ಅಲ್ವಾ?" ಎಂದಳು.

"ಬಾರ್ಡರ್."

"ಅದಕ್ಕೇ ಭುಜ ಹಿಡ್ಕೊಂಡಿದ್ದು. ವಾಸನೆ ಕೋವಿಡ್ಡಿಂದು. ಕೈ ನಿಮ್ಮಪ್ಪಂದು. ಮೂರು ಬೇರೆ ಬೇರೆ ಮನೆ ಸಾಮಾನು ತಂದು ಒಂದೇ ಗೋಣಿಚೀಲಕ್ಕೆ ತುಂಬಿದ್ದೀಯಲ್ಲೇ, ಪಾಗಲ್! ಮೊದಲನೇ ವರ್ಷದ ಹುಡುಗೀರು ಮಾಡೋ ಕೆಲಸ ಇದು. ಮನೆತನದಲ್ಲಿ ಇಳಿದು ಬರೋ ನಡುಕ ಕಣೇ, ಎಸೆನ್ಶಿಯಲ್ ಟ್ರೆಮರ್. ಏನಾದ್ರೂ ಹಿಡಿದಾಗ ಬರುತ್ತೆ, ಒಂದು ಗ್ಲಾಸ್ ಕುಡಿದ್ರೆ ತಗ್ಗುತ್ತೆ. ವಯಸ್ಸಾಗ್ತಾ ಸ್ವಲ್ಪ ಜಾಸ್ತಿ ಆಗುತ್ತೆ, ಅಷ್ಟೆ. ಪಾರ್ಕಿನ್‌ಸನ್ ಅಲ್ಲ." ಆಮೇಲೆ ಇನ್ನೂ ಗಟ್ಟಿಯಾಗಿ, ಬೇರೆ ಟೇಬಲಿನವರೂ ತಿರುಗಿ ನೋಡುವ ಹಾಗೆ, "ಅಲ್ಲ!" ಎಂದಳು.

ಪಂಚಾಕ್ಷರಿ ಟೇಬಲ್ ಗುದ್ದಿದ. ಸುಗತ ಗುದ್ದಿದ. ಖಾಲಿ ಕುರ್ಚಿಯ ಮುಂದಿನ ತಟ್ಟೆಯೂ ಕುಣಿದು, ವಡೆ ಮಗುಚಿ ಬಿತ್ತು. "ಅವಳೂ ಒಪ್ಪಿದ್ಲು" ಎಂದ ಸುಗತ.

ಧನಲಕ್ಷ್ಮಿ ಮುಖ ಮುಚ್ಚಿಕೊಂಡು ಅತ್ತಳು. ನಗುತ್ತಲೂ ಇದ್ದಳು. ಹೆಗಲು ಕುಲುಕುವುದನ್ನು ನೋಡಿ ಕಾಫಿ ತಂದ ಸಪ್ಲೈಯರ್ ಹಿಂದೆ ಸರಿದ. ಜಹನಾರಾ ಅವನ ಕೈಯಿಂದ ತುಂಬಿದ ಕಪ್ಪನ್ನೇ ಇಸಿದುಕೊಂಡು ಅವಳ ಮುಂದಿಟ್ಟಳು.

"ಚೆಲ್ಲುತ್ತೆ."

"ಚೆಲ್ಲಲಿ ಬಿಡು, ಒಗೆದ್ರೆ ಹೋಗುತ್ತೆ. ನಾಳಿದ್ದು ನನ್ನ ಹತ್ರ ಬಾ, ಥೈರಾಯ್ಡ್ ಒಂದು ನೋಡಿಬಿಡೋಣ. ಆಸ್ತಮಾ ಇಲ್ಲ ತಾನೇ? ಸಣ್ಣ ಮಾತ್ರೆ ಒಂದಿದೆ, ನಿಂಗೂ ಗೊತ್ತು. ಪೂರ್ತಿ ಹೋಗಲ್ಲ, ಆದ್ರೆ ತಗ್ಗುತ್ತೆ. ಇಷ್ಟು ವರ್ಷ ಸೂಜಿ ಹೇಗೆ ಹಾಕ್ತಿದ್ದೆ?"

ಧನಲಕ್ಷ್ಮಿ ಗಾಳಿಯಲ್ಲಿ ಮಾಡಿ ತೋರಿಸಿದಳು. ಕಿರುಬೆರಳನ್ನು ಮಗುವಿನ ತೊಡೆಗೆ ಊರಿ, ಆಮೇಲೆ ಸೂಜಿ. ಹಾಗೆ ಊರುವುದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ, ಕೈ ತಾನೇ ಕಂಡುಕೊಂಡಿದ್ದ ಆಸರೆ ಅದು. ಎರಡು ವರ್ಷದ ಹಿಂದೆ, ಹೆದರಿಕೆ ಹೊಕ್ಕ ಮೇಲೆ, ಕೈಯನ್ನು ಮಗುವಿಗೆ ತಾಗಿಸಲೂ ಅಂಜಿ ಬೆರಳು ಊರುವುದನ್ನೇ ಬಿಟ್ಟಿದ್ದಳು.

ಮನೆಗೆ ಬಂದಾಗ ಪಟಾಲಮ್ಮ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಸೀರೆಯ ಮೇಲಿನ ಕಾಫಿ ಕಲೆ ಅವಳ ಕಣ್ಣಿಗೇ ಮೊದಲು ಬಿತ್ತು. ಧನಲಕ್ಷ್ಮಿ ಪಕ್ಕದಲ್ಲಿ ಕೂತು ಒಂದು ಹಿಡಿ ಕಾಯಿ ತೆಗೆದುಕೊಂಡಳು.

"ಅಮ್ಮ, ಅಪ್ಪನ ಕೈ ಯಾವಾಗಿಂದ ನಡುಗ್ತಿತ್ತು?"

"ಯಾವಾಗಿಂದ ಏನು, ಮದ್ವೆ ದಿನಾನೇ ನಡುಗ್ತಿತ್ತು. ತಾಳಿ ಗಂಟಾಕಕ್ಕೆ ಆಗ್ಲಿಲ್ಲ ಕಣವ್ವ, ನಮ್ ನಾದ್ನಿ ಕಟ್ಟಿದ್ಲು. ಚಪ್ಪರದಾಗೆ ಎಲ್ಲಾ ನಕ್ಕಿದ್ದೇ ನಕ್ಕಿದ್ದು, ಹೆಣ್ಣಿಗೆ ಹೆದರ್ಕೊಂಡವ್ನೆ ಅಂತ."

"ಆಗ ಕುಡೀತಿದ್ರಾ?"

"ಎಲ್ಲಿ ಕುಡಿಯಾದು? ಆಗಿನ್ನೂ ಅದರ ವಾಸ್ನೆ ಕಂಡ್ರೆ ಆಗ್ತಿರ್ಲಿಲ್ಲ. ಆಮ್ಯಾಕೆ ಯಾರೋ ಹೇಳ್ಕೊಟ್ರು, ಒಂದ್ ಗುಟುಕು ಹಾಕು ಮುನಿಯಣ್ಣ, ಕೈ ನಿಲ್ತದೆ ಅಂತ. ಹೂ ಕಟ್ಟಬೇಕಲ್ಲ, ಹಾಕ್ದ." ಪಟಾಲಮ್ಮ ಸಿಪ್ಪೆಯನ್ನು ಅಂಗಳಕ್ಕೆ ಎಸೆದಳು. "ಜನ ಕುಡುಕ ಅಂದ್ರು. ಅನ್ಲಿ ಅಂದ. ನಡುಗ್ತದೆ ಅಂದ್ರೆ ಯಾರು ಹೂ ಕೊಂಡ್ಕೋತಾರೆ ಅಂತಿದ್ದ."

ಧನಲಕ್ಷ್ಮಿ ಕೈಯಲ್ಲಿದ್ದ ಕಾಯನ್ನು ಸುಲಿಯಲು ನೋಡಿದಳು. ಬೆರಳು ಅದುರಿ ಕಾಳು ಜಾರಿ ಉರುಳಿತು. ಪಟಾಲಮ್ಮ ಅದನ್ನು ನೋಡಿದಳು, ಮಗಳ ಮುಖ ನೋಡಿದಳು. ಅರ್ಧ ಲೋಟದ ಕಾಫಿ ಅವಳಿಗೆ ಆಗ ಅರ್ಥವಾಗಿರಬೇಕು.

"ಅಯ್ಯೋ ನನ್ ತಾಯಿ" ಎಂದು ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಇದಕ್ಕಾ ನೀನು ಎರಡು ವರ್ಸ ಅರ್ಧ ಲೋಟ ಕುಡಿದಿದ್ದು?"

ಆ ಸಂಜೆ ಶ್ರೀನಾಥನಿಗೆ ಎಲ್ಲವನ್ನೂ ಹೇಳಿದಳು. ಅವನು ಎದ್ದು ಅವಳ ಪಕ್ಕಕ್ಕೆ ಬಂದು ಕೂತ. ಆಮೇಲೆ, "ಲ್ಯಾಬಿನವರಿಗೆ ನಾನೇ ಫೋನ್ ಮಾಡ್ಲಾ?" ಎಂದ. "ಬೇಡ, ನಾನೇ ಮಾಡ್ತೀನಿ. ಖುಷಿಯ ಕೆಲಸ" ಎಂದಳು.

ಸೋಮವಾರ ಬೆಳಿಗ್ಗೆ ಗಿರಣಿ ಶುರುವಾಗುವ ಮುಂಚೆಯೇ ಒಬ್ಬ ಅಜ್ಜಿ ಮೊಮ್ಮಗಳನ್ನು ಎತ್ತಿಕೊಂಡು ಬಂದಳು, ಜೊತೆಗೆ ಮಗುವಿನ ತಾಯಿ. ನೂರುನ್ನೀಸಾ ಅಭ್ಯಾಸದಂತೆ ಸಿರಿಂಜು ತುಂಬಿ ಮಗುವಿನ ಕಡೆ ತಿರುಗಿದಳು.

"ಕೊಡು ಇಲ್ಲಿ" ಎಂದಳು ಧನಲಕ್ಷ್ಮಿ.

"ಕನ್ನಡಕ ಸರಿಹೋಯ್ತಾ ಮೇಡಂ?"

"ಹ್ಞೂಂ, ನಿನ್ನೆ ಸರಿಹೋಯ್ತು."

ಸೂಜಿಯ ತುದಿ ಅಲುಗುವುದು ಅಜ್ಜಿಯ ಕಣ್ಣಿಗೆ ಬಿತ್ತು. "ಯಾಕವ್ವ ಡಾಕ್ಟ್ರೇ, ಕೈ ನಡುಗ್ತೈತೆ?"

"ನಮ್ಮಪ್ಪನ ಕೈ ಅಮ್ಮ. ಹಿಂಗೇ ಇರ್ತದೆ. ನೀವು ಕಾಲು ಗಟ್ಟಿಯಾಗಿ ಹಿಡ್ಕೊಳ್ಳಿ."

ಕಿರುಬೆರಳನ್ನು ಮಗುವಿನ ಮೆತ್ತನೆಯ ತೊಡೆಗೆ ಊರಿದಳು. ನಡುಕ ಅಲ್ಲಿಗೆ ನಿಂತಿತು, ಸೂಜಿ ಹೋಗಿ ಬಂತು. ಮಗು ಅಳಬೇಕೋ ಬೇಡವೋ ಎಂದು ಒಂದು ಕ್ಷಣ ಯೋಚಿಸಿ, ಅವಳ ಕೊರಳಿನ ಸ್ಟೆತಾಸ್ಕೋಪಿಗೆ ಕೈ ಹಾಕಿತು.